ಮಸಿಯ ಹೊಟ್ಟೆಕಿಚ್ಚು

ಹಗ್ಗವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡರೆ ಸಾಕಿತ್ತು. ಎಳೆಯಬೇಕಾಗಿರಲಿಲ್ಲ, ದನಿ ಏರಿಸಬೇಕಾಗಿರಲಿಲ್ಲ. ಅವಳ ಮಣಿಕಟ್ಟು ತುಸು ಬಿಗಿಯಾದರೆ ಆ ಬಿಗಿತ ಹಗ್ಗದ ಉದ್ದಕ್ಕೂ ಹರಿದು ಮಸಿಯ ಕುತ್ತಿಗೆಯ ಪಟ್ಟಿಗೆ ಮುಟ್ಟುತ್ತಿತ್ತು. ಮಸಿ ತಲೆಯೆತ್ತಿ ಮೊದಲು ಅವಳ ಮುಖ ನೋಡುತ್ತಿತ್ತು, ಆಮೇಲೆ ಅವಳ ಕಣ್ಣು ಹೋದ ಕಡೆ ನೋಡುತ್ತಿತ್ತು. ಅಲ್ಲಿ, ಮೈದಾನದ ಆಚೆ ತುದಿಯ ಗೋಲ್ ಕಂಬಗಳ ನಡುವಿನಿಂದ, ಅವಳ ತಮ್ಮ ತನ್ನ ನಾಯಿ ಗುಂಡನನ್ನು ಹಿಡಿದುಕೊಂಡು ನೇರವಾಗಿ ಇವರ ಕಡೆಗೇ ಬರುತ್ತಿದ್ದ. ಗುಂಡನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಬಿಸ್ಕತ್ತಿನ ಬಣ್ಣ, ತಲೆಗೆ ಮೀರಿದ ಕಿವಿ, ಕಂಡವರನ್ನೆಲ್ಲ ನೆಂಟರೆಂದು ತಿಳಿಯುವ ದಡ್ಡತನ. ಬಾಲ ಅಲ್ಲಾಡಿಸಲು ಹೋಗಿ ಇಡೀ ಹಿಂಭಾಗವನ್ನೇ ಅಲ್ಲಾಡಿಸುತ್ತ ಅದು ಬರುವುದನ್ನು ಕಂಡರೆ ಯಾರಿಗಾದರೂ ನಗು ಬರಬೇಕು. ಅವಳಿಗೂ ಬಂತು. ನಗು ತುಟಿಗೆ ಬರುವ ಮೊದಲೇ ಅವಳು ಹಗ್ಗ ಸುತ್ತಿಕೊಂಡಳು. ಮಸಿಯ ಬೆನ್ನಿನ ಕೂದಲು ಕುತ್ತಿಗೆಯಿಂದ ಬಾಲದವರೆಗೆ ಗೆರೆ ಎಳೆದ ಹಾಗೆ ಎದ್ದು ನಿಂತಿತು. ಮೇಲ್ದುಟಿ ಸುಕ್ಕುಗಟ್ಟಿ ಹಿಂದೆ ಸರಿಯಿತು, ಹಳದಿಗಟ್ಟಿದ ಕೋರೆಹಲ್ಲು ಕಂಡಿತು, ಎದೆಯ ಒಳಗೆಲ್ಲೋ ಯಂತ್ರ ಚಾಲೂ ಆದಂತೆ ಗುರ್ ಎನ್ನುವ ಸದ್ದು ಹೊರಟಿತು. ಗುಂಡ ಎರಡು ಹೆಜ್ಜೆ ಹಿಂದೆ ಹೋಗಿ ತಮ್ಮನ ಕಾಲ ಸಂದಿಯಲ್ಲಿ ನುಸುಳಿಕೊಂಡಿತು.

"ಇವತ್ತೂ ಆಗ್ಲಿಲ್ವಲ್ಲ ಅಕ್ಕ," ಎಂದ ತಮ್ಮ, ದೂರದಿಂದಲೇ.

"ನೋಡ್ತಿದ್ದೀಯಲ್ಲ."

"ಎಷ್ಟು ಹೊಟ್ಟೆಕಿಚ್ಚಪ್ಪ ಇದಕ್ಕೆ! ಪಾಪ, ಇಷ್ಟು ದಿನ ಒಂದೇ ಮೆರೆದಿದ್ದು ನೋಡು. ಈಗ ಪಾಲಿಗೆ ಇನ್ನೊಬ್ಬ ಬಂದ ಅಂದ್ರೆ ಸಹಿಸೋಕಾಗ್ತಿಲ್ಲ."

ಅವನ ಮಾತಿನಲ್ಲಿ ಚುಚ್ಚು ಇರಲಿಲ್ಲ. ಅದೇ ಕಷ್ಟ. ಚುಚ್ಚು ಇದ್ದಿದ್ದರೆ ಅವಳೂ ಒಂದು ಮಾತು ಎಸೆದು ಹಗುರಾಗಬಹುದಿತ್ತು. ಅವನು ಕಾರು ಮಾರುವ ಅಂಗಡಿಯಲ್ಲಿದ್ದವನು, ಎಲ್ಲರ ಜೊತೆಗೂ ಒಂದೇ ಬಗೆಯ ಪ್ರೀತಿಯಿಂದ ಮಾತಾಡುವುದು ಅವನಿಗೆ ಅಭ್ಯಾಸವಾಗಿ ಹೋಗಿತ್ತು. ಮಸಿ ಇನ್ನೂ ನಡುಗುತ್ತಿತ್ತು. ಅವಳು ಬಗ್ಗಿ ಅದರ ಕುತ್ತಿಗೆಯ ಕೆಳಗೆ, ಅದಕ್ಕೆ ಇಷ್ಟವಾದ ಜಾಗದಲ್ಲಿ, ಬೆರಳಾಡಿಸಿದಳು. ಪ್ರತಿ ಸಲವೂ ಹೀಗೇ. ಮಾಡಿಸಿದ್ದಕ್ಕೆ ಒಳಗೆ ಏನೋ ಹಿಂಡಿದಂತಾಗುತ್ತಿತ್ತು, ಆ ಹಿಂಡಿದ್ದು ಕೈಗೆ ಬಂದು ಮಸಿಯ ಕುತ್ತಿಗೆ ಸವರುತ್ತಿತ್ತು. ಮಸಿ ಕಣ್ಣು ಅರೆ ಮುಚ್ಚಿ ಗದ್ದ ಮೇಲೆತ್ತಿತು. ಈ ಅಭ್ಯಾಸ ಶುರುವಾಗುವ ಮೊದಲು ನಾಯಿ ಡಾಕ್ಟರು ಮೇಜಿನ ಆ ಬದಿಯಿಂದ ಹೇಳಿದ್ದರು, ಬೆರಳು ಮಡಚಿ ಎಣಿಸುತ್ತ: "ಹೊಸದು ಮನೆಗೆ ಬಂದ್ರೆ ಹಳೇದಕ್ಕೆ ಮುನಿಸು ಇದ್ದಿದ್ದೇ. ಹಳೇದಕ್ಕೇ ಮೊದಲು ಊಟ ಹಾಕಿ. ಹೊರಗಿಂದ ಬಂದ್ರೆ ಮೊದಲು ಅದನ್ನೇ ಮಾತಾಡಿಸಿ. ಎರಡಕ್ಕೂ ಸಂಬಂಧ ಇಲ್ಲದ ಜಾಗಕ್ಕೆ ಕರ್ಕೊಂಡು ಹೋಗಿ, ಪಕ್ಕಪಕ್ಕದಲ್ಲಿ, ಒಂದೇ ದಿಕ್ಕಿಗೆ ನಡೆಸಿ. ಎದುರುಬದುರು ಮಾತ್ರ ತರಬೇಡಿ. ಗುರ್ ಅಂದ್ರೆ ಹೊಡೀಬೇಡಿ, ಅದು ಅದರ ಮಾತು. ಬಾಯಿ ಮುಚ್ಚಿಸಿದ್ರೆ ಆಮೇಲೆ ಹೇಳದೆ ಕೇಳದೆ ಕಚ್ಚುತ್ತೆ. ಎಲ್ಲಕ್ಕಿಂತ ಮುಖ್ಯ, ಹಗ್ಗ ಸಡಿಲ ಇರ್ಲಿ. ನೀವು ಬಿಗಿ ಹಿಡಿದ್ರೆ ಅದಕ್ಕೆ ತಿಳಿಯೋದು ಒಂದೇ: ನಮ್ಮೋಳು ಹೆದರಿದಾಳೆ, ಎದುರಿಗೆ ಬರ್ತಿರೋದು ಶತ್ರು." ಅವಳು ತಲೆಯಾಡಿಸಿದ್ದಳು. ಒಳ್ಳೆಯ ವಿದ್ಯಾರ್ಥಿಯ ಹಾಗೆ ಎಲ್ಲವನ್ನೂ ಮನಸ್ಸಿಗೆ ಹಾಕಿಕೊಂಡಿದ್ದಳು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ತಮ್ಮನ ಫೋನು ಬಂದಿತ್ತು. ಅವನು ಆಗಷ್ಟೇ ಎದ್ದಿದ್ದ. "ಏನಂದ್ರು ಡಾಕ್ಟರು?" ಎಂದು ಕೇಳಿದಾಗ, "ಮೈದಾನದಲ್ಲಿ ಎದುರುಬದುರು ತಂದು ಅಭ್ಯಾಸ ಮಾಡಿಸ್ಬೇಕಂತೆ," ಎಂದು ಅವಳ ಬಾಯಿ ಹೇಳಿತ್ತು. ಯೋಚನೆ ಮಾಡಿ ಹೇಳಿದ ಸುಳ್ಳಲ್ಲ. ಹೇಳಿ ಮುಗಿದ ಮೇಲೆ ಇದರಿಂದ ಏನಾಗಬಹುದು ಎಂಬುದು ನಿಧಾನವಾಗಿ, ಮೆಟ್ಟಿಲಿಗೊಂದೊಂದಾಗಿ ಹೊಳೆಯುತ್ತ ಹೋಯಿತು. ಗುಂಡನಿಗೆ ಜಾಗವಿಲ್ಲದ ಕಡೆ ನನಗೂ ಜಾಗವಿಲ್ಲ ಎಂದು ತಮ್ಮ ಬಂದ ದಿನವೇ ಹೇಳಿಬಿಟ್ಟಿದ್ದ.

ಕೆಲಸದ ಜಾಗದಲ್ಲಿ ಅವಳ ಮುಂದೆ ಯಾರದೋ ಬಾಯಿ ತೆರೆದುಕೊಂಡು ಕೂತಿತ್ತು. ಪ್ಲಾಸ್ಟರಿನ ಬಾಯಿ, ಬಿಳಿ, ನಾಲಿಗೆಯಿಲ್ಲದ್ದು. ಕಟ್ಟು ಹಲ್ಲು ಮಾಡುವ ಆ ಉದ್ದನೆಯ ಕೋಣೆಯಲ್ಲಿ ಅವಳದು ಮೇಣದ ಮೇಜು: ಗುಲಾಬಿ ಮೇಣದ ಒಸಡಿನಲ್ಲಿ ಒಂದೊಂದೇ ಹಲ್ಲನ್ನು ಕೂರಿಸಿ, ಮೇಲಿನದು ಕೆಳಗಿನದಕ್ಕೆ ಸರಿಯಾಗಿ ಕಚ್ಚುತ್ತದೆಯೇ ಎಂದು ನೋಡುವುದು. ಊರಿನ ಅರ್ಧ ಮುದುಕರು ಅವಳು ಜೋಡಿಸಿದ ಹಲ್ಲಿನಿಂದ ನಗುತ್ತಿದ್ದರು, ಅವಳ ಪರಿಚಯವಿಲ್ಲದೆ. ಅಪ್ಪನಿಗೂ ಅವಳೇ ಮಾಡಿದ್ದಳು, ಬಿಡುವಿನ ಹೊತ್ತಿನಲ್ಲಿ, ಒಂದೊಂದು ಹಲ್ಲಿಗೂ ಅವನ ಹಳೆಯ ಫೋಟೋ ನೋಡಿಕೊಂಡು, ಮುಂದಿನ ಎರಡರ ನಡುವೆ ಇದ್ದ ಚಿಕ್ಕ ಸಂದಿಯನ್ನು ಕೂಡ ಬಿಡದೆ. ಅಪ್ಪ ಹಾಕಿಕೊಂಡು, ಬಾಯಿ ಆಡಿಸಿ, "ಚುಚ್ಚುತ್ತೆ" ಎಂದು ತೆಗೆದು ಲೋಟದ ನೀರಿಗೆ ಬಿಟ್ಟಿದ್ದ. ಅವಳು ಉಜ್ಜಿ ತಂದಳು. ಚುಚ್ಚುತ್ತೆ. ಮತ್ತೆ ಉಜ್ಜಿದಳು. ಎರಡು ವರ್ಷ ಆ ಲೋಟ ಅಡುಗೆಮನೆಯ ಕಿಟಕಿಯಲ್ಲಿ ತಾನೇ ತಾನಾಗಿ ನಗುತ್ತ ಕೂತಿತ್ತು. ತಮ್ಮ ಪೆಟ್ಟಿಗೆ ಹಿಡಿದುಕೊಂಡು, ಕಂಕುಳಲ್ಲಿ ಗುಂಡನನ್ನು ಅವುಚಿಕೊಂಡು ಬಾಗಿಲಲ್ಲಿ ನಿಂತ ದಿನ ಅಪ್ಪ "ತಡಿ ತಡಿ, ಬಂದೆ" ಎನ್ನುತ್ತ ಗೋಡೆ ಹಿಡಿದುಕೊಂಡು ಒಳಗೆ ಹೋಗಿದ್ದ. ಹೊರಗೆ ಬಂದಾಗ ಬಾಯಿ ತುಂಬ ಹಲ್ಲಿತ್ತು. ಅವಳು ಜೋಡಿಸಿದ ಹಲ್ಲು, ಅವಳು ಬಿಟ್ಟ ಸಂದಿ, ಮಗನನ್ನು ನೋಡಿ ನಗುತ್ತಿತ್ತು. ಆವತ್ತಿನಿಂದ ಚುಚ್ಚಿಲ್ಲ.

"ತಮ್ಮ ಇನ್ನೂ ಇದ್ದಾನೇನೆ?" ಎಂದಳು ಪಕ್ಕದ ಮೇಜಿನ ಪಾಲಿಶ್‌ನವಳು, ಯಂತ್ರದ ಸದ್ದಿನ ಮೇಲೆ ದನಿಯೆತ್ತಿ.

"ಎಲ್ಲಿಗೆ ಹೋಗ್ತಾನೆ?"

"ಹೆಂಡ್ತಿ ಕರ್ಕೊಂಡು ಹೋಗೋ ಹಾಗೆ ಕಾಣಲ್ವಾ?"

"ನಾಯೀನೂ ಅವನಿಗೇ ಬಿಟ್ಟಿದಾಳೆ."

"ಜಾಣೆ ಕಣೆ ಅವಳು." ಪಾಲಿಶ್‌ನವಳು ಯಂತ್ರ ನಿಲ್ಲಿಸಿದಳು. "ನಿನ್ನ ರೂಮು?"

"ಹಾಲ್‌ನಲ್ಲಿ ಅವನಿಗೆ ನಿದ್ದೆ ಬರಲ್ವಂತೆ."

"ನಿನಗೆ ಬರುತ್ತಾ?"

ಅವಳು ಮೇಣದ ಚಾಕುವನ್ನು ಬೆಂಕಿಗೆ ಹಿಡಿದಳು. ರೂಮು ಎಂದರೆ ಏನು ಮಹಾ. ಒಂದು ಮಂಚ, ಒಂದು ಕಿಟಕಿ, ಕಿಟಕಿಯ ಕೆಳಗೆ ಮಡಚಿದ ಹಳೆಯ ರಗ್ಗು, ರಗ್ಗಿನ ಮೇಲೆ ಮಸಿ. ರೂಮನ್ನು ಕೇಳಿದವರು ಯಾರೂ ಇಲ್ಲ, ಕೊಟ್ಟವಳು ಅವಳೇ. "ಪುಟ್ಟನಿಗೆ ಸುಸ್ತಾಗಿದೆ, ಅಲ್ಲಿ ಮಲಗ್ಲಿ ಇವತ್ತು," ಎಂದು ಅಪ್ಪ ಹೇಳಿದಾಗ ಅವಳು ಹಾಸಿಗೆಗೆ ಹೊಸ ಹೊದಿಕೆ ಹಾಕಿಕೊಟ್ಟಿದ್ದಳು. ಇವತ್ತು ಎನ್ನುವುದು ನಾಳೆಯಾಯಿತು, ಆಮೇಲೆ ಅವಳ ಬಟ್ಟೆಗಳು ಒಂದೊಂದಾಗಿ ಹಾಲ್‌ನ ಕಪಾಟಿಗೆ ಬಂದವು, ಬೇಕಾದಾಗೆಲ್ಲ ಬಾಗಿಲು ತಟ್ಟಬೇಕಲ್ಲ ಎಂಬ ಸಂಕೋಚಕ್ಕೆ. ಮೂವತ್ತೈದು ದಾಟಿದ ಮೇಲೂ ಪುಟ್ಟ ಎನಿಸಿಕೊಳ್ಳುವವನ ಮುಂದೆ ಎಂಟು ವರ್ಷಕ್ಕೇ ದೊಡ್ಡೋಳು ಎನಿಸಿಕೊಂಡವಳು ಏನು ಜಗಳ ಆಡುವುದು? ಅವಳಿಗೆ ಇವೆಲ್ಲ ನುಂಗಲಾಗದ್ದೇನೂ ಆಗಿರಲಿಲ್ಲ. ನುಂಗಲಾಗದ್ದು ಬೇರೆ. ತಮ್ಮ ಬಂದ ದಿನ ರಾತ್ರಿ ಗುಂಡ ಹಾಲ್‌ನ ತುಂಬ ಓಡಾಡಿ, ಮಸಿಯ ಹತ್ತಿರ ಹೋಗಿ, ಅದರ ಮೂತಿ ನೆಕ್ಕಿತ್ತು. ಅವಳು ಉಸಿರು ಹಿಡಿದು ನೋಡುತ್ತಿದ್ದಳು. ಮಸಿ ಏಳಲಿಲ್ಲ. ಗುರ್ ಎನ್ನಲಿಲ್ಲ. ಬಾಲವನ್ನು ನೆಲಕ್ಕೆ ಎರಡು ಸಲ ಬಡಿಯಿತು. ಗುಂಡ ಅದರ ತಟ್ಟೆಯಿಂದ ತಿಂದಾಗ ತಾನು ಹಿಂದೆ ಸರಿದು ಜಾಗ ಕೊಟ್ಟಿತು. ಬೆಳಿಗ್ಗೆ ಅವಳು ತನ್ನ ರೂಮಿನ ಬಾಗಿಲ ಸಂದಿಯಿಂದ ನೋಡಿದರೆ ಕಿಟಕಿಯ ಕೆಳಗಿನ ರಗ್ಗಿನ ಮೇಲೆ ಎರಡೂ ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. ನಾಚಿಕೆಗೆಟ್ಟದ್ದು, ಎಂದು ಅವಳಿಗೆ ಅನಿಸಿತ್ತು. ಹಲ್ಲು ಕಟ್ಟುವ ಇದೇ ಕಟ್ಟಡದ ಮೆಟ್ಟಿಲಿನ ಕೆಳಗೆ, ಪ್ಲಾಸ್ಟರಿನ ಧೂಳಿನಲ್ಲಿ ಮುಳುಗಿ ಬಿದ್ದಿದ್ದದ್ದನ್ನು ಎತ್ತಿಕೊಂಡು ಹೋಗಿ ತೊಳೆದಾಗ ಒಳಗಿನಿಂದ ಕಪ್ಪು ಹೊರಬಂದಿತ್ತು, ಅದಕ್ಕೇ ಮಸಿ ಎಂದು ಕರೆದದ್ದು. ಅಂಥದ್ದು ಒಂದೇ ರಾತ್ರಿಯಲ್ಲಿ ಆಚೆ ಕಡೆ ಸೇರಿಕೊಂಡಿತ್ತು. ಡಾಕ್ಟರ ಹತ್ತಿರ ಅವಳು ಹೇಳಿದ ದೂರು, ತಮ್ಮನಿಗೆ ಹೇಳಿದ್ದು, ಪಾಲಿಶ್‌ನವಳಿಗೆ ಹೇಳಿದ್ದು, ಎಲ್ಲದರಲ್ಲೂ ಇಲ್ಲದಿದ್ದ ಒಂದೇ ಒಂದು ವಿಷಯ ಇದು. ಹೊಸ ನಾಯಿ ಕಂಡರೆ ಮಸಿಗಾಗುವುದಿಲ್ಲ ಎಂದು ಅವಳು ಹೇಳಿಕೊಂಡು ಬಂದದ್ದು ಮೊದಲು. ಮಸಿಗೆ ಆಗದೆ ಹೋದದ್ದು ಆಮೇಲೆ.

"ಇದೇನ್ರೀ ಇದು?" ಯಜಮಾನರು ಹಿಂದಿನಿಂದ ಬಂದು ಅವಳ ಭುಜದ ಮೇಲಿಂದ ಬಗ್ಗಿದ್ದರು. ಕೈಯಲ್ಲಿದ್ದ ಪೆನ್ನಿನಿಂದ ಮೇಣದಲ್ಲಿದ್ದ ಕೋರೆಹಲ್ಲನ್ನು ತಟ್ಟಿದರು. "ಎಷ್ಟು ಉದ್ದ ಬಿಟ್ಟಿದ್ದೀರಿ! ಯಾರಿಗೆ ಕಟ್ತಿದ್ದೀರಿ, ಮನುಷ್ಯರಿಗೋ ನಾಯಿಗೋ?"

ಕೋಣೆಯಲ್ಲಿ ನಗು ಎದ್ದಿತು. ಪಾಲಿಶ್‌ನವಳೂ ನಕ್ಕಳು, ಸ್ನೇಹಿತೆಯಾದದ್ದರಿಂದ ಸ್ವಲ್ಪ ಕಡಿಮೆ. ಅವಳೂ ನಗುವ ಪ್ರಯತ್ನ ಮಾಡಿ, ಆ ಹಲ್ಲನ್ನು ಚಿಮಟಿಗೆಯಿಂದ ಕಿತ್ತು ಪಕ್ಕಕ್ಕಿಟ್ಟಳು. ಕಿತ್ತ ಜಾಗದಲ್ಲಿ ಮೇಣ ಗುಳಿಬಿದ್ದಿತ್ತು. ತನ್ನ ಮುಖದ ಮೇಲೆ ಎಲ್ಲವೂ ಬರೆದಿದೆ, ಓದಲು ಬರುವವರು ಮಾತ್ರ ಇಲ್ಲ ಎನಿಸಿ ಕತ್ತು ಬಿಸಿಯಾಯಿತು. ಇನ್ನು ಹೆಚ್ಚು ದಿನ ಬೇಕಾಗಿಲ್ಲ. ಇವತ್ತು ಬೆಳಿಗ್ಗೆ ಮೈದಾನದಿಂದ ವಾಪಸ್ಸು ಬಂದು ಚಪ್ಪಲಿ ಬಿಡುವಾಗ ತಮ್ಮ, "ಹೀಗೇ ಆದ್ರೆ ಏನಾದ್ರೂ ಒಂದು ತೀರ್ಮಾನ ಮಾಡ್ಬೇಕು," ಎಂದಿದ್ದ. ತೀರ್ಮಾನ ಎಂದರೆ ಬಾಡಿಗೆಗೆ ಒಂದು ಕೋಣೆ. ಅವನಿಗೇನು, ಮಾತಿನಲ್ಲೇ ಮನೆ ಕಟ್ಟುವವನು, ಎಲ್ಲಿಯಾದರೂ ಸಿಗುತ್ತದೆ. ಅವಳು ಹೋಗಿ ನೋಡಿಕೊಂಡು ಬರುವಳು, ವಾರಕ್ಕೊಮ್ಮೆ ಅಡುಗೆ ಮಾಡಿ ಕೊಟ್ಟು ಬರುವಳು, ಬೇಕಾದರೆ ಅವನ ಗುಂಡನನ್ನು ಮುದ್ದಾಡಿಯೂ ಬರುವಳು. ಅಷ್ಟು ದೂರದಲ್ಲಿದ್ದರೆ ಅವಳು ಯಾರನ್ನು ಬೇಕಾದರೂ ಪ್ರೀತಿಸಬಲ್ಲಳು.

ಸಂಜೆ ಬಾಗಿಲು ತೆಗೆದಾಗ ಮಸಿ ಬಂದು ಕಾಲಿಗೆ ತೊಡರಿಕೊಳ್ಳಲಿಲ್ಲ. ಹಾಲ್‌ನಲ್ಲಿ ಟಿವಿ ಆರಿತ್ತು. ಅಪ್ಪ ತನ್ನ ಕುರ್ಚಿಯಲ್ಲಿ ಬಲಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದ. ಕೈಗೆ ಬಿಳಿ ಬಟ್ಟೆಯ ಕಟ್ಟು. ಅವನ ಕಾಲ ಬುಡದಲ್ಲಿ ಗುಂಡ. ಸ್ನಾನದ ಮನೆಯ ಮುಚ್ಚಿದ ಬಾಗಿಲ ಹಿಂದೆ ಉಗುರು ಕೆರೆಯುವ ಸದ್ದು.

"ನೋಡು ದೊಡ್ಡೋಳೇ, ನಿನ್ನ ನಾಯಿ ಏನು ಮಾಡ್ತು ನೋಡು," ಎಂದ ಅಪ್ಪ. ನಿನ್ನೆಯವರೆಗೆ ಅದು ನಮ್ಮ ಮಸಿಯಾಗಿತ್ತು.

ತಮ್ಮ ಅಡುಗೆಮನೆಯಿಂದ ಚಹಾ ತಂದು ಅವಳ ಕೈಗೆ ಕೊಟ್ಟ. ನಡೆದದ್ದನ್ನು ಅವನೇ ಹೇಳಿದ. ಅಪ್ಪ ಗುಂಡನಿಗೆ ಬ್ರೆಡ್ಡು ಹಾಕುತ್ತಿದ್ದ. ಮಸಿ ಮೂಲೆಯಿಂದ ಗುರ್ ಎಂದಿತು. ಅಪ್ಪ ಎಂದಿನಂತೆ ಪೇಪರನ್ನು ಸುರುಳಿ ಮಾಡಿ ಅದರ ಮೂತಿಗೆ ಬಡಿದ. ಸುಮ್ಮನಾಯಿತು. ಇನ್ನೊಂದು ಚೂರು ಹಾಕಲು ಕೈ ಚಾಚಿದರೆ ಈ ಸಲ ಗುರ್ ಇಲ್ಲ, ಏನೂ ಇಲ್ಲ, ಸೀದಾ ಬಂದು ಹಿಡಿದುಬಿಟ್ಟಿತು. "ನಾಲ್ಕು ಹೊಲಿಗೆ ಹಾಕಿದ್ರು ಅಕ್ಕ. ಸೂಜಿನೂ ಆಯ್ತು. ನಿಂಗೆ ಫೋನ್ ಮಾಡ್ಬೇಡ ಅಂದ್ರು ಅಪ್ಪ, ಕೆಲಸದಲ್ಲಿರ್ತಾಳೆ ಅಂತ." ಹೇಳದೆ ಕೇಳದೆ ಕಚ್ಚುತ್ತೆ ಎಂದು ಡಾಕ್ಟರು ಹೇಳಿದ್ದು ಅವಳ ಕಿವಿಯಲ್ಲೇ ಇತ್ತು. ಹೊಡೆಯಬೇಡ ಎಂದು ಅವಳು ಅಪ್ಪನಿಗೆ ಹೇಳಿರಲಿಲ್ಲ. ಅಪ್ಪನ ಪೇಪರು ತನ್ನ ಕೆಲಸಕ್ಕೆ ನೆರವಾಗುತ್ತಿದೆ ಎಂದು ಅವಳು ಸುಮ್ಮನಿದ್ದಳು. ಅವಳು ಅಪ್ಪನ ಕಟ್ಟನ್ನು ಮುಟ್ಟಿದಳು. "ನೋವಿದೆಯಾ?" ಎಂದಳು. "ಇಲ್ಲದೆ ಇರುತ್ತಾ?" ಎಂದು ಅಪ್ಪ ಮುಖ ತಿರುಗಿಸಿದ. ಆ ಕೈಯ ಬೆರಳುಗಳು ಊದಿ ಮಗುವಿನ ಬೆರಳಿನ ಹಾಗೆ ಕಾಣುತ್ತಿದ್ದವು. ಅವಳಿಗೆ ಅಳು ಬರಬೇಕಾಗಿತ್ತು. ಆದರೆ ಅಳುವಿಗೆ ಮೊದಲು, ಅದನ್ನು ಪಕ್ಕಕ್ಕೆ ತಳ್ಳಿಕೊಂಡು, ಇನ್ನೊಂದು ಬಂತು: ಮನೆ ಬಿಡುತ್ತೇನೆಂದು ತಮ್ಮ ಈಗ ಹೇಳುತ್ತಾನೆ. ಈಗ ಹೇಳಲೇಬೇಕು.

"ನಾನು ಯೋಚನೆ ಮಾಡ್ದೆ ಅಕ್ಕ," ಎಂದ ತಮ್ಮ. ಎದುರಿನ ಸ್ಟೂಲಿನ ಮೇಲೆ ಕೂತು, ಎರಡೂ ಕೈ ಜೋಡಿಸಿಕೊಂಡು, ಗಿರಾಕಿಗೆ ಕೆಟ್ಟ ಸುದ್ದಿ ಹೇಳುವ ಹಾಗೆ ಮೆತ್ತಗೆ. "ಎರಡೂ ಒಂದೇ ಮನೇಲಿ ಇರೋಕಾಗಲ್ಲ."

"ಹೌದು," ಎಂದಳು ಅವಳು. ತೀರ ಬೇಗ ಹೇಳಿದೆನೆನಿಸಿ ಚಹಾ ಕುಡಿದಳು. ನಾಲಿಗೆ ಸುಟ್ಟಿತು.

"ನಿಂಗೂ ಹಾಗೇ ಅನ್ಸಿದೆಯಲ್ಲ, ಸದ್ಯ. ಹೇಗಪ್ಪ ಹೇಳೋದು ಅಂತಿದ್ದೆ. ನನ್ನ ಹಳೇ ಗಿರಾಕಿ ಒಬ್ಬರ ಗೋದಾಮಿದೆ, ಊರ ಹೊರಗೆ. ಅಲ್ಲಿಗೆ ಕಾವಲಿಗೆ ಒಂದು ನಾಯಿ ಬೇಕು ಅಂತಿದ್ರು. ದೊಡ್ಡ ಜಾಗ. ಮಸಿ ಚೆನ್ನಾಗಿರುತ್ತೆ."

ಅವಳು ಲೋಟವನ್ನು ಕೆಳಗಿಡಲು ಜಾಗ ಹುಡುಕಿದಳು. ಮೇಜು ಎದುರಿಗೇ ಇತ್ತು. ಅವನು ಇನ್ನೂ ಏನೇನೋ ಹೇಳುತ್ತಿದ್ದ, ಗೋದಾಮಿನ ಅಳತೆ, ಅಲ್ಲಿನ ನೆರಳು, ಬೇಕೆಂದಾಗ ಹೋಗಿ ನೋಡಬಹುದು. ಗುಂಡನನ್ನು ಯಾಕೆ ಕಳಿಸಬಾರದು ಎಂದು ಕೇಳಬಹುದಿತ್ತು. ಕೇಳಿದರೆ ಉತ್ತರ ಸಿದ್ಧವಿತ್ತು, ಬಿಳಿ ಬಟ್ಟೆ ಸುತ್ತಿಕೊಂಡು ದಿಂಬಿನ ಮೇಲೆ ಕೂತಿತ್ತು.

"ಕಟ್ಟಿಹಾಕ್ತಾರಾ ಅಲ್ಲಿ?" ಎಂದಳು.

"ಕಾವಲು ನಾಯಿ ಅಂದ್ಮೇಲೆ ಹಗಲು ಹೊತ್ತು ಕಟ್ತಾರೆ."

"ಅದಕ್ಕೆ ವಯಸ್ಸಾಗಿದೆ ಪುಟ್ಟ."

"ಕಚ್ಚೋಕೆ ವಯಸ್ಸು ಅಡ್ಡ ಬಂತಾ?" ಎಂದ ಅಪ್ಪ ಕುರ್ಚಿಯಿಂದ. "ಸಾಗಹಾಕಿ ಅತ್ಲಾಗೆ. ಮೊದಲಿಂದ್ಲೂ ಅದು ನಿನ್ನ ಒಬ್ಬಳ ನಾಯಿ. ಬೇರೆಯವರಿಗೆ ಎಲ್ಲಿ ಮರ್ಯಾದೆ ಕೊಟ್ಟಿದೆ?"

"ನಾಳೆ ಒಂದ್ಸಲ ನೋಡೋಣ," ಎಂದಳು. "ಮೈದಾನದಲ್ಲಿ. ನಾಳೆ ಸರಿ ಹೋಗ್ಲಿಲ್ಲ ಅಂದ್ರೆ ಕರ್ಕೊಂಡು ಹೋಗು."

"ಇಷ್ಟು ದಿನ ಆಗದ್ದು ನಾಳೆ ಆಗುತ್ತಾ ಅಕ್ಕ?"

"ಆಗುತ್ತೆ. ನಂಗೊತ್ತು."

ಹೇಗೆ ಗೊತ್ತು ಎಂದು ಅವನು ಕೇಳಲಿಲ್ಲ. ಅಕ್ಕನ ನಾಯಿಪ್ರೇಮ ಎಂದುಕೊಂಡಿರಬೇಕು, ಅವಳ ಭುಜ ತಟ್ಟಿದ. ಅವಳು ಸ್ನಾನದ ಮನೆಯ ಬಾಗಿಲು ತೆರೆದಳು. ಮಸಿ ಹೊರಗೆ ಬರಲಿಲ್ಲ. ಬಕೆಟ್ಟಿನ ಹಿಂದೆ ಒದ್ದೆ ನೆಲದ ಮೇಲೆ ಮುದುಡಿಕೊಂಡು, ಬಾಲದ ತುದಿಯನ್ನಷ್ಟೇ ಆಡಿಸಿತು, ಮಾಡಿದ್ದು ಸರಿಯೋ ತಪ್ಪೋ ಎಂದು ಕೇಳುವ ಹಾಗೆ. ಅವಳು ಅದರ ಪಕ್ಕ ಕೂತಳು. ಹೊರಗಿನಿಂದ ಊಟಕ್ಕೆ ಬರುವಂತೆ ತಮ್ಮ ಕರೆದ. ಎಲ್ಲವನ್ನೂ ಬಿಚ್ಚಿ ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದಳು. ಪುಟ್ಟ, ಅದಕ್ಕೆ ಹೊಟ್ಟೆಕಿಚ್ಚಿಲ್ಲ ಕಣೋ, ನನಗೆ. ಅವನು ಮೊದಲು ನಗುತ್ತಾನೆ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸುತ್ತಾನೆ. ಆಮೇಲೆ ಅವನು ಬೇಸರ ಕೂಡ ಮಾಡಿಕೊಳ್ಳುವುದಿಲ್ಲ; ಇವಳ ಕಷ್ಟ ಅರ್ಥ ಮಾಡಿಕೊಳ್ಳುತ್ತಾನೆ, ರೂಮು ವಾಪಸ್ಸು ಕೊಡುತ್ತಾನೆ, ಎಲ್ಲರ ಮುಂದೆ ಅವಳ ಹಾಸಿಗೆ ಹಾಸಿಕೊಡುತ್ತಾನೆ. ಅಪ್ಪ ಹಲ್ಲು ತೆಗೆದು ಲೋಟಕ್ಕೆ ಹಾಕುತ್ತಾನೆ. ಅದನ್ನು ನೆನೆದೇ ಅವಳ ಬಾಯಿಗೆ ಬೀಗ ಬಿತ್ತು. ಹೇಳುವ ಅಗತ್ಯವೇ ಇಲ್ಲ. ತಾನು ಬಿಗಿದದ್ದನ್ನು ತಾನೇ ಸಡಿಲಿಸಿದರೆ ಮುಗಿಯಿತು. ಅವನು ಇಲ್ಲೇ ಇರಲಿ. ರೂಮೂ ಇರಲಿ, ಅಪ್ಪನ ನಗುವೂ ಇರಲಿ, ಎಲ್ಲ ಅವನೇ ಇಟ್ಟುಕೊಳ್ಳಲಿ. ಮಸಿ ಉಳಿದರೆ ಸಾಕು. ಇಷ್ಟು ಬಿಟ್ಟುಕೊಟ್ಟೆನಲ್ಲ ಎಂದು ಅವಳಿಗೆ ತನ್ನ ಬಗ್ಗೆಯೇ ಒಂದು ಗಳಿಗೆ ಹೆಮ್ಮೆಯೂ ಆಯಿತು.

ಬೆಳಿಗ್ಗೆ ಮೈದಾನದಲ್ಲಿ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. "ಎದುರುಬದುರು ಬೇಡ," ಎಂದಳು ತಮ್ಮನಿಗೆ. "ನೀನು ಆ ಕಡೆಯಿಂದ, ನಾನು ಈ ಕಡೆಯಿಂದ. ಒಂದೇ ದಿಕ್ಕಿಗೆ ನಡೆಯೋಣ. ನಿಧಾನಕ್ಕೆ ಹತ್ತಿರ ಬಾ."

"ಡಾಕ್ಟರು ಎದುರಿಂದ ತರ್ಬೇಕು ಅಂದಿದ್ರಲ್ಲ?"

"ಹೇಳಿದಷ್ಟು ಮಾಡು."

ನಡೆದರು. ಅವಳು ಹಗ್ಗವನ್ನು ಎರಡು ಬೆರಳ ನಡುವೆ ನೂಲಿನಂತೆ ಹಿಡಿದಿದ್ದಳು. ಹಗ್ಗ ನಡುವಿನಲ್ಲಿ ಜೋತು ಒದ್ದೆ ಹುಲ್ಲಿಗೆ ತಾಗುತ್ತಿತ್ತು. ಭುಜ ಸಡಿಲ, ಮೊಣಕೈ ಸಡಿಲ, ಉಸಿರು ಕೂಡ ಸಡಿಲ. ಮೈಯ ಒಂದೊಂದೇ ಭಾಗವನ್ನು ನೆನಪಿಸಿಕೊಂಡು ಬಿಡಿಸುತ್ತ ನಡೆದಳು. "ಏನಿಲ್ಲ ಕಣೋ, ಏನಿಲ್ಲ," ಎಂದು ಮಸಿಗೆ ಹೇಳುತ್ತಿದ್ದಳು. ಮಸಿ ಅವಳ ಮುಖ ನೋಡಿತು. ಅವಳು ನಕ್ಕಳು. ಆ ನಗುವನ್ನು ಮಸಿ ಸ್ವಲ್ಪ ಹೊತ್ತು ನೋಡಿ ಬಿಟ್ಟಿತು, ಕೆಲಸಕ್ಕೆ ಬಾರದ ವಸ್ತುವನ್ನು ಮೂಸಿ ಬಿಡುವ ಹಾಗೆ. ಅದರ ಕಣ್ಣು ಅವಳ ಕೈಗೆ ಬಂತು. ತಮ್ಮ ಹತ್ತಿರ ಬಂದ, ಇನ್ನೂ ಹತ್ತಿರ. ಗುಂಡ ಬಾಲ ಅಲ್ಲಾಡಿಸಲೋ ಬೇಡವೋ ಎಂಬ ಅನುಮಾನದಲ್ಲಿ ಒಂದು ಸಲ ಅಲ್ಲಾಡಿಸಿತು. ಮಸಿ ಕಾಯುತ್ತಿತ್ತು. ಅವಳಿಗೆ ಅದು ಚೆನ್ನಾಗಿ ಗೊತ್ತಾಯಿತು: ಕುತ್ತಿಗೆಯನ್ನು ಪಟ್ಟಿಗೆ ಒತ್ತಿಕೊಂಡು, ಬರಬೇಕಾದದ್ದು ಇನ್ನೂ ಯಾಕೆ ಬರಲಿಲ್ಲ ಎಂದು ಕಾಯುತ್ತಿತ್ತು. ಬರಲಿಲ್ಲ. ಹಗ್ಗ ಹುಲ್ಲಿನ ಮೇಲೆ ಸತ್ತು ಬಿದ್ದಿತ್ತು. ಅವಳು ಮರೆತಿರಬೇಕು ಎಂದುಕೊಂಡಿತೋ ಏನೋ. ಬೆನ್ನಿನ ಕೂದಲನ್ನು ತಾನೇ ಎಬ್ಬಿಸಿತು. ತುಟಿಯನ್ನು ತಾನೇ ಮೇಲಕ್ಕೆತ್ತಿತು. ಅವಳ ಬೆರಳುಗಳ ನಡುವಿನಿಂದ ಹಗ್ಗ ಸರಕ್ಕನೆ ಜಾರಿಹೋಯಿತು. ಗುಂಡ ಕಿರುಚಿದ್ದು, ತಮ್ಮ ಕೂಗಿದ್ದು, ಕಂದು ಕಿವಿಯ ಮೇಲೆ ಕೆಂಪು ಕಾಣಿಸಿದ್ದು ಎಲ್ಲ ಒಟ್ಟಿಗೇ ಆಯಿತು. ತಮ್ಮ ಗುಂಡನನ್ನು ಎತ್ತಿ ಭುಜದ ಮೇಲೆ ಹಾಕಿಕೊಂಡ. ಆಗ ಮಸಿ ತಿರುಗಿ ಅವಳ ಹತ್ತಿರ ಓಡಿಬಂತು. ಮುಂದೆ ಕೂತು, ಗದ್ದ ಮೇಲೆತ್ತಿ, ಕಣ್ಣು ಅರೆ ಮುಚ್ಚಿಕೊಂಡಿತು. ಅವಳ ಕೈ ಹೋಯಿತು. ಬೇಡ ಎಂದು ಅವಳು ಹೇಳುವ ಮೊದಲೇ ಆ ಕೈ ಅದರ ಕುತ್ತಿಗೆಯ ಕೆಳಗೆ ಬೆರಳಾಡಿಸುತ್ತಿತ್ತು.

"ಅದರ ತಪ್ಪಲ್ಲ ಪುಟ್ಟ," ಎಂದಳು.

ಅವನು ಏದುಸಿರು ಬಿಡುತ್ತಿದ್ದ. ಅಂಗಿಯ ಭುಜದ ಮೇಲೆ ಗುಂಡನ ರಕ್ತ. ಆದರೂ ದನಿ ಏರಿಸಲಿಲ್ಲ. "ಗೊತ್ತು ಅಕ್ಕ. ನಿನ್ನ ತಪ್ಪೂ ಅಲ್ಲ. ನಿನ್ನಷ್ಟು ಕಷ್ಟಪಟ್ಟೋರು ಯಾರಿದ್ದಾರೆ ಹೇಳು? ನಾನು ಹಾಸಿಗೇಲಿ ಬಿದ್ದಿದ್ದಾಗ ನೀನು ಡಾಕ್ಟರ ಹತ್ರ ಓಡಿದೆ." ಅವನ ಕಣ್ಣಲ್ಲಿ ನೀರಿತ್ತು. ಅವನಿಗೆ ನಿಜವಾಗಿಯೂ ಅವಳ ಬಗ್ಗೆ ಮರುಕ ಬಂದಿತ್ತು. ಅವಳು ಇನ್ನೊಂದು ಮಾತು ಹೇಳಬೇಕಾಗಿತ್ತು. ಅದರ ಬದಲು ಬಗ್ಗಿ ಹುಲ್ಲಿನ ಮೇಲೆ ಬಿದ್ದಿದ್ದ ಹಗ್ಗವನ್ನು ಎತ್ತಿಕೊಂಡಳು.

ಗೋದಾಮಿಗೆ ಹೋಗಲು ಅವನು ಗೆಳೆಯನ ವ್ಯಾನು ತಂದಿದ್ದ. ಮಸಿ ಅವನು ಕರೆದರೆ ಹತ್ತಲಿಲ್ಲ. ಅವಳು ಹತ್ತಿದಳು, ತಾನೂ ಹತ್ತಿತು. ದಾರಿಯುದ್ದಕ್ಕೂ ಅವಳ ತೊಡೆಯ ಮೇಲೆ ತಲೆಯಿಟ್ಟು ಕಿಟಕಿಯ ಗಾಳಿಗೆ ಮೂಗು ಅಗಲಿಸುತ್ತಿತ್ತು, ಪ್ರವಾಸ ಹೊರಟ ಹಾಗೆ. ತಗಡಿನ ಗೇಟು, ಒಳಗೆ ಸಿಮೆಂಟಿನ ಅಂಗಳ, ಒಂದರ ಮೇಲೊಂದು ಪೇರಿಸಿದ ಮರದ ಪೆಟ್ಟಿಗೆಗಳು. ನೆರಳು ಇತ್ತು, ತಮ್ಮ ಸುಳ್ಳು ಹೇಳಿರಲಿಲ್ಲ. ಕಾವಲುಗಾರ ಗಿಡ್ಡ ಮನುಷ್ಯ, ಮುಂದಿನ ಎರಡು ಹಲ್ಲಿಲ್ಲ. ಬಾಯಿ ತೆರೆದಾಗ ಅವಳು ಅಭ್ಯಾಸಬಲದಿಂದ ಆ ಸಂದಿಯ ಅಳತೆ ನೋಡಿದಳು. ಅವನು ಮಸಿಯ ಸುತ್ತ ಒಂದು ಸುತ್ತು ಬಂದು, "ಮುದಿಯಾಗಿದೆಯಲ್ಲ ಸಾರ್," ಎಂದು ತಮ್ಮನ ಕಡೆ ತಿರುಗಿದ. "ಇದು ಕಳ್ಳ ಬಂದ್ರೆ ಕುರ್ಚಿ ಹಾಕಿ ಕೂರಿಸುತ್ತೆ."

ಬೇಡ ಎನ್ನುತ್ತಾನೆ. ಬೇಡ ಎಂದರೆ ವ್ಯಾನು ತಿರುಗುತ್ತದೆ, ಮುಂದಿನದು ಮುಂದೆ. ಅಷ್ಟರಲ್ಲಿ ಪೆಟ್ಟಿಗೆಗಳ ಹಿಂದಿನಿಂದ ಒಂದು ನಾಯಿ ಬಂತು. ಇನ್ನೂ ಮರಿತನ ಬಿಡದ್ದು, ಪಟ್ಟೆಪಟ್ಟೆ ಮೈ, ಹೊಸಬರನ್ನು ಕಂಡ ಖುಷಿಯಲ್ಲಿ ಸೀದಾ ಇವರ ಕಡೆಗೇ ಬಂತು. ಅವಳಿಗೆ ಭಯವಾಯಿತು. ಈ ಸಲ ನಿಜವಾದ ಭಯ, ನಟನೆಯಲ್ಲ, ಉಪಾಯವಲ್ಲ. ಮಸಿ ಈಗ ಸುಮ್ಮನಿದ್ದುಬಿಡಲಿ ಎಂದು ಮೈಯೆಲ್ಲ ಬೇಡಿಕೊಂಡಿತು, ಬೇಡಿಕೊಂಡ ಮೈ ತನಗೆ ತಾನೇ ಬಿಗಿಯಿತು. ಮಸಿ ಹಿಂಗಾಲ ಮೇಲೆ ಎದ್ದು ನಿಂತಿತು. ಅಷ್ಟು ಜೋರಾಗಿ ಅದು ಯಾವತ್ತೂ ಬೊಗಳಿರಲಿಲ್ಲ. ತಗಡಿನ ಗೋಡೆಗಳು ಆ ಸದ್ದನ್ನು ಎತ್ತಿ ಎತ್ತಿ ವಾಪಸ್ಸು ಎಸೆದವು. ಪಟ್ಟೆ ನಾಯಿ ಉರುಳಿಬಿದ್ದು ಪೆಟ್ಟಿಗೆಗಳ ಸಂದಿಗೆ ನುಗ್ಗಿತು.

"ಅಬ್ಬಾ!" ಎಂದ ಕಾವಲುಗಾರ. ಅವನ ಮುಖ ಅರಳಿತ್ತು. "ಇರ್ಲಿ ಸಾರ್, ಇರ್ಲಿ. ಹೀಗಿರ್ಬೇಕು ನೋಡಿ. ಯಾರು ಕಲಿಸಿದ್ದು?"

"ನಮ್ಮಕ್ಕ," ಎಂದ ತಮ್ಮ. ಆ ಹೊತ್ತಿನಲ್ಲೂ ಅವನಿಗೆ ಹೆಮ್ಮೆಯಿಂದ ಹೇಳದೆ ಇರಲಾಗಲಿಲ್ಲ. "ಅವಳ ಮಾತು ಬಿಟ್ಟು ಇನ್ಯಾರದ್ದೂ ಕೇಳಲ್ಲ ಅದು."

ಕಾವಲುಗಾರ ಸರಪಳಿ ತಂದ. ಕೊಕ್ಕೆ ಸಿಕ್ಕಿಸಲು ಅವನಿಗೆ ಧೈರ್ಯವಾಗದೆ ಅವಳ ಕೈಗೇ ಕೊಟ್ಟ. ಅವಳು ಬಗ್ಗಿ ಸಿಕ್ಕಿಸಿದಳು. ಮಸಿ ಗದ್ದ ಮೇಲೆತ್ತಿ ಕೂತಿತು. ಅವಳು ಈ ಸಲ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡಳು. ಸ್ವಲ್ಪ ಹೊತ್ತು ಕಾದು, ಮಾಡಿದ್ದು ಸಾಲಲಿಲ್ಲವೇನೋ ಎಂಬಂತೆ, ಅದು ಪೆಟ್ಟಿಗೆಗಳ ಕಡೆ ತಿರುಗಿ ಮತ್ತೆ ಗುರುಗುಟ್ಟಲು ಶುರುಮಾಡಿತು. ಗೇಟಿನವರೆಗೆ ಕಾವಲುಗಾರ ಜೊತೆಗೆ ಬಂದ.

"ಅಮ್ಮಾ, ತಪ್ಪು ತಿಳೀಬೇಡಿ," ಎಂದ, ದನಿ ತಗ್ಗಿಸಿ. "ಆ ಪಟ್ಟ್ಯಾ ಇದೆಯಲ್ಲ, ಅದು ಕಂಡೋರಿಗೆಲ್ಲ ಬಾಲ ಅಲ್ಲಾಡಿಸುತ್ತೆ. ದಂಡಕ್ಕೆ ಅನ್ನ ಹಾಕ್ತಿದ್ದೀಯ ಅಂತ ಧಣಿ ದಿನಾ ಬಯ್ತಾರೆ. ನೀವು ನಿಮ್ಮ ನಾಯಿ ನೋಡೋಕೆ ಬರ್ತಿರ್ತೀರಲ್ಲ, ಹಾಗೇ ಅದಕ್ಕೂ ಒಂದಿಷ್ಟು ಹೇಳಿಕೊಡೋಕಾಗುತ್ತಾ? ಕಷ್ಟಾನಾ?"

ತಮ್ಮ ಆಗಲೇ ವ್ಯಾನು ಚಾಲೂ ಮಾಡಿದ್ದ. ಒಳಗೆ ಮಸಿ ಒಂದೇ ಸಮನೆ ಬೊಗಳುತ್ತಿತ್ತು. ಅವಳು ಕಾವಲುಗಾರನ ಮುಖ ನೋಡಿದಳು. ಅವನು ನಿಜಕ್ಕೂ ಕೇಳುತ್ತಿದ್ದ.

"ಏನೂ ಕಷ್ಟ ಇಲ್ಲ," ಎಂದಳು.